ಮೇಷ್ಟರ ಮಾಯಾಪೆಟ್ಟಿಗೆ

ನಮ್ಮ ಎದುರುಮನೆಯ ಮೇಷ್ಟರು ಕಳೆದ ಮಳೆಗಾಲದಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ ಪುಟ್ಟ ಪೆಟ್ಟಿಗೆಯೊಂದನ್ನು ತರಿಸಿದರು. ಮೊಬೈಲಿನ ಸಿಗ್ನಲ್ ಹೆಚ್ಚಿಸುವ ಬೂಸ್ಟರಂತೆ. ಅದನ್ನು ಗೋಡೆಗೆ ತೂಗುಹಾಕಿದ್ದೇ ತಡ, ಪರದೇಶದಲ್ಲಿರುವ ಮಗನ ಧ್ವನಿ ಪಕ್ಕದಲ್ಲೇ ಕುಳಿತು ಮಾತನಾಡಿದಂತೆ ಕೇಳಿಸತೊಡಗಿತು. ಮೇಷ್ಟರ ಸಂತೋಷಕ್ಕೆ ಪಾರವಿರಲಿಲ್ಲ.

ಅದೇ ವಾರ ಬೀದಿಯ ಉಳಿದ ಫೋನುಗಳು ಮೂಕವಾದವು. ಮೂಲೆಮನೆಯ ಅಜ್ಜಿಗೆ ನಡುರಾತ್ರಿ ಎದೆನೋವು ಬಂದಾಗ ಸೊಸೆ ಮಾಡಿದ ಒಂದು ಕರೆಯೂ ವೈದ್ಯರನ್ನು ಮುಟ್ಟಲಿಲ್ಲ. ಮಗ ಸ್ಕೂಟರಿನಲ್ಲಿ ಓಡಬೇಕಾಯಿತು. ಪುಣ್ಯಕ್ಕೆ ಅಜ್ಜಿ ಉಳಿದರು. ಕೆಲವು ದಿನಗಳ ಮೇಲೆ ಅಧಿಕಾರಿಗಳು ಅಲೆಗಳ ಜಾಡು ಹಿಡಿದು ಮೇಷ್ಟರ ಬಾಗಿಲಿಗೇ ಬಂದು ನಿಂತಾಗ ನಮಗೆಲ್ಲ ಕಾರಣ ತಿಳಿಯಿತು.

ಮೊಬೈಲ್ ಗೋಪುರವು ದೂರದ ಫೋನುಗಳ ಅತಿ ಕ್ಷೀಣವಾದ ಸಂಕೇತಗಳನ್ನು ಆಲಿಸುತ್ತಿರುತ್ತದೆ. ಹದ್ದುಬಸ್ತಿಲ್ಲದ ಬೂಸ್ಟರು ಮಾತಿನೊಡನೆ ಗದ್ದಲವನ್ನೂ ಹಿಗ್ಗಿಸಿ ಅದರ ಕಿವಿಯಲ್ಲಿ ಊದುತ್ತದೆ. ಕುಕ್ಕರು ಕೆಟ್ಟದ್ದಾದರೆ ಕೊಂಡವರಿಗೆ ಕೂಡಲೇ ತಿಳಿಯುವುದು. ಇಂಥ ಯಂತ್ರ ಕೆಟ್ಟದ್ದಾದರೆ ಕೊಂಡವರು ಸುಖವಾಗಿರುತ್ತಾರೆ, ನೆರೆಯವರು ನರಳುತ್ತಾರೆ. ಆದುದರಿಂದಲೇ ಇವುಗಳ ಪರೀಕ್ಷೆ ಮಾರಾಟಕ್ಕೆ ಮೊದಲೇ ಆಗಬೇಕಾದುದು.

1933ರ ನಿಸ್ತಂತು ಕಾಯಿದೆಯ ಕಾಲದಲ್ಲಿ ಹಾಡು ಕೇಳುವ ರೇಡಿಯೋಗೂ ಲೈಸೆನ್ಸ್ ಬೇಕಿತ್ತು. ಆ ಕಾಲ ಹೋಯಿತು, ಹೋದದ್ದು ಒಳ್ಳೆಯದೇ. ಅಲೆಯನ್ನು ಹೊರಸೂಸುವ ಯಂತ್ರಗಳ ಮಾತು ಬೇರೆ. 2018ರ ನಿಯಮವು 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಅಲ್ಪಶಕ್ತಿಯ ವಾಕಿಟಾಕಿಗಳಿಗೆ ಲೈಸೆನ್ಸಿನಿಂದ ವಿನಾಯಿತಿಯಿತ್ತಿತು. ಆದರೆ ಆ ಮಾದರಿಗೆ ದೂರಸಂಪರ್ಕ ಇಲಾಖೆಯ ಅನುಮೋದನೆ ಇರಲೇಬೇಕು. ಆನ್‌ಲೈನ್ ಅಂಗಡಿಗಳು ಇದನ್ನು ಲೆಕ್ಕಿಸದೆ ವಾಕಿಟಾಕಿ ಮಾರುತ್ತಿದ್ದುದರಿಂದ, ಯಂತ್ರದ ತರಂಗಾಂತರವನ್ನೂ ಅನುಮೋದನೆಯ ವಿವರವನ್ನೂ ಜಾಹೀರಿನಲ್ಲೇ ತೋರಿಸಬೇಕೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರಲ್ಲಿ ಮಾರ್ಗಸೂಚಿ ಹೊರಡಿಸಿತು. ಬೂಸ್ಟರಿನ ವಿಚಾರದಲ್ಲಂತೂ ಕಟ್ಟು ಇನ್ನೂ ಬಿಗಿ: ಮನೆಯವರು ತಾವಾಗಿಯೇ ತಂದು ಹಾಕಿಕೊಳ್ಳುವಂತಿಲ್ಲ; ಅದು ಮೊಬೈಲ್ ಕಂಪನಿಯವರ ಕೆಲಸ.

ಮೇಷ್ಟರು ರಟ್ಟಿನ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು. ನಗುವ ಸಂಸಾರವೊಂದರ ಬಣ್ಣದ ಚಿತ್ರ, ಅದರ ಕೆಳಗೆ ಬೆಲೆ. ತರಂಗಾಂತರವಿಲ್ಲ, ಅನುಮೋದನೆಯ ಸಂಖ್ಯೆಯಿಲ್ಲ, ತಯಾರಿಸಿದವರ ವಿಳಾಸವೂ ಇಲ್ಲ.

“ಮಾರುವಾಗ ಯಾರೂ ತಡೆಯಲಿಲ್ಲವಲ್ಲ ಸ್ವಾಮಿ!” ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಅವರು ಮೂಲೆಮನೆಯ ಅಜ್ಜಿಯನ್ನು ನೋಡಲು ಹೊರಟರು. ಕೈಯಲ್ಲಿ ಎರಡು ಮೂಸಂಬಿ ಹಣ್ಣುಗಳಿದ್ದವು.