ಕೆಎ 18ರ ಜೀಪು, ಹೈದರಾಬಾದಿನ ರಸ್ತೆ

ಮೂಡಿಗೆರೆಯ ತೋಟದಲ್ಲಿ ಎಂಟು ಮಳೆಗಾಲ ಟಾರ್ಪಾಲಿನಡಿ ನಿಂತಿದ್ದ ಅಪ್ಪನ ಮಹೀಂದ್ರ ಎಂಎಂ 540 ಜೀಪನ್ನು ಲಾರಿಯಲ್ಲಿ ಹೈದರಾಬಾದಿಗೆ ತರಿಸಿದೆ. ಆ ದುಡ್ಡಿಗೆ ಇನ್ನೊಂದು ಗಾಡಿಯೇ ಬರುತ್ತಿತ್ತಲ್ಲ ಎಂದವರೇ ಹೆಚ್ಚು.

ಬಾಡಿ ಇಳಿಸಿದಾಗ ನಿಜಸ್ಥಿತಿ ಕಂಡಿತು. ಪೂಜೊ ಮೂಲದ ಡೀಸೆಲ್ ಎಂಜಿನ್ ಪರವಾಗಿಲ್ಲ. ಚಾಸಿಸ್ ಒಳಗೆ ಕೆಸರು ಕೂತು ಕಬ್ಬಿಣ ಹಪ್ಪಳವಾಗಿತ್ತು. ‘ಬೇರೆ ಚಾಸಿಸ್ ಹಾಕೋಣ, ಅಗ್ಗ’ ಎಂದ ಮೇಸ್ತ್ರಿ. ಒಪ್ಪಲಿಲ್ಲ. ಎಂಜಿನ್ ಬದಲಿಸಿ ಆರ್‌ಸಿಯಲ್ಲಿ ಬರೆಸಬಹುದು. ಚಾಸಿಸ್ ನಂಬರ್ ಹೋದರೆ, ನನ್ನ ಮಟ್ಟಿಗೆ, ಆ ಗಾಡಿಯೇ ಹೋದಂತೆ. ಪುಣ್ಯಕ್ಕೆ ನಂಬರ್ ಅಚ್ಚೊತ್ತಿದ ಜಾಗ ಗಟ್ಟಿಯಿತ್ತು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆವು. ಬೇರಿಂಗು, ಸೀಲುಗಳಿಗೆ ರಾಣಿಗಂಜ್ ಸುತ್ತಿದ್ದಾಯಿತು.

ಉಳಿದದ್ದು ಪ್ಲೇಟಿನ ಪ್ರಶ್ನೆ. ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ವಾಹನ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಮಾಡಿಸಬೇಕೆನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆ. ಅಭಿಮಾನದ ಹೆಸರಲ್ಲಿ ಕೆಎ ಪ್ಲೇಟಿನಲ್ಲೇ ವರ್ಷಗಟ್ಟಲೆ ಓಡಾಡುವ ನಮ್ಮವರು (ಕಾರಿನ ವಿಷಯದಲ್ಲಿ ನಾನೂ ಒಬ್ಬ) ಇದನ್ನು ಮರೆತಂತೆ ನಟಿಸುತ್ತೇವೆ. ಇಲ್ಲಿನ ರಸ್ತೆ ಸವೆಸುವವರು ಇಲ್ಲೇ ತೆರಿಗೆ ಕಟ್ಟುವುದು ನ್ಯಾಯ.

ಎನ್‌ಒಸಿಗೆ ಅರ್ಜಿ ಹಾಕುವ ಮೊದಲು ಅಪ್ಪನಿಗೆ ಫೋನ್ ಮಾಡಿ, ಕೆಎ 18 ಹೋಗಿ ಟಿಜಿ ಬರುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಳೇ ಪ್ಲೇಟು ಎಸಿಬೇಡ ಮಾರಾಯ, ಊರಿಗೆ ಬರುವಾಗ ತಗೊಂಡು ಬಾ’ ಎಂದರು.