ಡಾಲರ್ ನಾಣ್ಯದ ಹಿಂದಣ ಖಜಾನೆ

2018ರ ಸೆಪ್ಟೆಂಬರಿನಲ್ಲಿ, ನ್ಯೂಯಾರ್ಕ್ ರಾಜ್ಯದ ಹಣಕಾಸು ಸೇವೆಗಳ ಇಲಾಖೆಯ ಅನುಮತಿಯನ್ನು ಪಡೆದ ಜೆಮಿನೈ ಮತ್ತು ಪ್ಯಾಕ್ಸೋಸ್ ಸಂಸ್ಥೆಗಳ ನಾಣ್ಯಗಳೂ ಸರ್ಕಲ್ ಸಂಸ್ಥೆಯ ಯುಎಸ್‌ಡಿಸಿಯೂ ಒಂದರ ಬೆನ್ನಿಗೊಂದು ಚಲಾವಣೆಗೆ ಬಂದಾಗ, ಡಾಲರಿನ ಆಧಾರವುಳ್ಳ ಸ್ಟೇಬಲ್‌ಕಾಯಿನ್ ಬೇಕೆನ್ನುವವರಿಗೆ ಅದುವರೆಗೆ ಬಹುಮಟ್ಟಿಗೆ ಟೆದರ್ ಒಂದೇ ಗತಿಯಾಗಿದ್ದ ಸ್ಥಿತಿ ತಪ್ಪಿತು. 2014ರಲ್ಲಿ ಹುಟ್ಟಿದ ಆ ಟೆದರಿನ ಪ್ರಯೋಜನ ಸರಳವಾದದ್ದು. ಬಿಟ್‌ಕಾಯಿನ್ ಬೆಲೆ ಇಳಿಯುವುದೆಂಬ ಶಂಕೆ ಹುಟ್ಟಿದವನು ಅದನ್ನು ಮಾರಿ ಡಾಲರನ್ನು ಕೈಗೆ ತೆಗೆದುಕೊಳ್ಳೋಣವೆಂದರೆ, ಆತನು ವ್ಯವಹರಿಸುತ್ತಿದ್ದ ಎಕ್ಸ್‌ಚೇಂಜಿಗೆ ಅನೇಕ ವೇಳೆ ಬ್ಯಾಂಕುಗಳಲ್ಲಿ ಖಾತೆಯೇ ದೊರೆಯುತ್ತಿರಲಿಲ್ಲ. ಹೀಗಾಗಿ ಒಂದು ಡಾಲರಿಗೆ ಒಂದರಂತೆ ಠೇವಣಿಯುಂಟೆಂದು ಹೇಳಿಕೊಳ್ಳುವ ನಾಣ್ಯವೊಂದು ಡಾಲರಿನ ಸ್ಥಾನದಲ್ಲಿ ನಿಂತಿತು.

ಸ್ಥಾನದಲ್ಲಿ ನಿಂತದ್ದು ನಿಜವಸ್ತುವಿಗೆ ಸಮವೇ ಎಂಬ ಪ್ರಶ್ನೆಗೆ 2018ರ ಅಕ್ಟೋಬರ್ 15ರಂದು ಉತ್ತರ ದೊರೆಯಿತು. ಟೆದರಿನ ಠೇವಣಿಯ ಬಗೆಗೆ ಸಂದೇಹ ಹಬ್ಬಿ, ಜನರು ಅದನ್ನು ಬಿಟ್ಟು ಅನ್ಯ ನಾಣ್ಯಗಳತ್ತಲೂ ಬಿಟ್‌ಕಾಯಿನಿನತ್ತಲೂ ಧಾವಿಸಲು, ಟೆದರ್ ಡಾಲರಿಗಿಂತ ಸ್ಪಷ್ಟವಾಗಿ ಕೆಳಗಿಳಿಯಿತು. ಅದರಲ್ಲಿ ವ್ಯಾಪಾರ ನಡೆಯುತ್ತಿದ್ದ ಎಕ್ಸ್‌ಚೇಂಜುಗಳಲ್ಲಿ ಬಿಟ್‌ಕಾಯಿನ್ ಬೆಲೆ ನಿಜ ಡಾಲರಿನ ಎಕ್ಸ್‌ಚೇಂಜುಗಳಿಗಿಂತ ಕೆಲವು ನೂರು ಡಾಲರುಗಳಷ್ಟು ಮೇಲೇರಿತು. ಆ ಹೆಚ್ಚಳವನ್ನು ಕಂಡು ಹಿಗ್ಗಿದವರೂ ಇದ್ದಿರಬಹುದು. ಆದರೆ ಬಳ್ಳ ಕಿರಿದಾದಾಗ ಅದೇ ರಾಶಿ ಹೆಚ್ಚು ಬಳ್ಳಗಳಷ್ಟಾಗಿ ತೋರುವುದೇ ಹೊರತು ಕಣದಲ್ಲಿ ಒಂದು ಕಾಳೂ ಹೆಚ್ಚಿರುವುದಿಲ್ಲ.

ಹೊಸ ಸ್ಟೇಬಲ್‌ಕಾಯಿನ್‌ಗಳು ಬಂದೊಡನೆ ಕ್ರಿಪ್ಟೋ ಬೆಲೆ ಏರುವುದೆಂದು ಹೇಳುವವರು ಈ ಭೇದವನ್ನು ಮೊದಲು ಗಮನಿಸಬೇಕು. ಜಾನ್ ಗ್ರಿಫಿನ್ ಮತ್ತು ಅಮೀನ್ ಶಮ್ಸ್ ಎಂಬ ವಿದ್ವಾಂಸರು 2017ರ ಬಿಟ್‌ಕಾಯಿನ್ ಉಬ್ಬರವನ್ನು ಪರಿಶೀಲಿಸಿ, ಬೆಲೆ ಕುಸಿದ ಹೊತ್ತನ್ನು ಅನುಸರಿಸಿ ಹೊಸ ಟೆದರಿನಿಂದ ಖರೀದಿ ನಡೆದಿತ್ತೆಂದೂ ಬೆಲೆ ಮತ್ತೆ ಮೇಲೇಳಲು ಅದೇ ಆಸರೆಯಾಯಿತೆಂದೂ ವಾದಿಸಿದರು. ನಾಣ್ಯಗಳ ಬಿಡುಗಡೆ ಬೇಡಿಕೆಯ ಫಲವೇ ಹೊರತು ಬೆಲೆಯೇರಿಕೆಯ ಕಾರಣವಲ್ಲವೆಂದು ಪ್ರತಿಪಾದಿಸಿದ ಅನ್ಯ ವಿದ್ವಾಂಸರೂ ಇದ್ದಾರೆ. ನನ್ನ ಮಟ್ಟಿಗೆ ಈ ವಿವಾದದ ಕೀಲಿರುವುದು ಖಜಾನೆಯಲ್ಲಿ. ಕೊಳ್ಳುವವನು ನಿಜವಾಗಿ ಡಾಲರನ್ನು ತಂದಿತ್ತು ನಾಣ್ಯವನ್ನು ಪಡೆದಿದ್ದರೆ, ಅದರಿಂದ ಬೆಲೆ ಏರಿದರೂ ಅದು ಯಥಾರ್ಥ ಬೇಡಿಕೆ. ಡಾಲರು ಬಾರದೆಯೇ ನಾಣ್ಯ ಹೊರಬಿದ್ದಿದ್ದರೆ, ಅದು ಶೂನ್ಯದಿಂದ ಸೃಷ್ಟಿಸಿದ ಹಣದಿಂದ ಪೇಟೆಯನ್ನು ಎತ್ತಿ ನಿಲ್ಲಿಸಿದ ಕಾರ್ಯ. ಆ ಬೆಲೆಯನ್ನು ನಂಬಿ ಕೊನೆಯಲ್ಲಿ ಕೊಂಡವರಿಗೆ ಅದು ದ್ರೋಹ.

ಈ ಶಂಕೆ ನಿರಾಧಾರವಾದುದಲ್ಲ. ಅಮೆರಿಕದ ಸರಕು ವಾಯಿದೆ ವಹಿವಾಟಿನ ನಿಯಂತ್ರಣ ಆಯೋಗವು 2021ರ ಅಕ್ಟೋಬರಿನಲ್ಲಿ ಟೆದರ್ ಸಂಸ್ಥೆಗೆ 4.1 ಕೋಟಿ ಡಾಲರ್ ದಂಡ ವಿಧಿಸಿದಾಗ, 2016ರಿಂದ 2018ರವರೆಗಿನ ಅವಧಿಯೊಳಗೆ ತಾನು ಪರಿಶೀಲಿಸಿದ 26 ತಿಂಗಳುಗಳಲ್ಲಿ ಶೇಕಡಾ 27.6ರಷ್ಟು ದಿನಗಳಲ್ಲಿ ಮಾತ್ರವೇ ಆ ಸಂಸ್ಥೆಯ ಖಾತೆಗಳಲ್ಲಿ ಸಾಕಷ್ಟು ಹಣವಿದ್ದಿತೆಂದು ದಾಖಲಿಸಿತು. ಸಂಸ್ಥೆಯು ಆರೋಪವನ್ನು ಒಪ್ಪದೆಯೂ ಅಲ್ಲಗಳೆಯದೆಯೂ ರಾಜಿ ಮಾಡಿಕೊಂಡಿತು.

ಠೇವಣಿ ಪೂರ್ಣವಾಗಿದ್ದರೂ ಅದೆಲ್ಲಿದೆಯೆಂಬುದು ಮುಖ್ಯ. 2023ರ ಮಾರ್ಚಿನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕು ಮುಳುಗಿದಾಗ ಯುಎಸ್‌ಡಿಸಿಯ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಬಿದ್ದು, ಆ ನಾಣ್ಯದ ಬೆಲೆ 90 ಸೆಂಟಿಗಿಂತಲೂ ಕೆಳಗಿಳಿಯಿತು. ಠೇವಣಿದಾರರ ಹಣಕ್ಕೆಲ್ಲ ಸರ್ಕಾರವು ಅಭಯವಿತ್ತ ಮೇಲಷ್ಟೇ ಅದು ಚೇತರಿಸಿಕೊಂಡಿತು.

2025ರ ಜುಲೈ 18ರಂದು ಅಮೆರಿಕದ ಅಧ್ಯಕ್ಷರ ಅಂಕಿತ ಪಡೆದ ಜೀನಿಯಸ್ ಕಾಯಿದೆಯು ಸ್ಟೇಬಲ್‌ಕಾಯಿನ್‌ಗಳಿಗೆ ಒಂದಕ್ಕೊಂದರಂತೆ ಠೇವಣಿಯನ್ನೂ ಅದರ ಮಾಸಿಕ ಪ್ರಕಟಣೆಯನ್ನೂ ಕಡ್ಡಾಯಗೊಳಿಸಿರುವುದು ಸ್ವಾಗತಾರ್ಹ. ನಮ್ಮ ದೇಶದಲ್ಲಾದರೋ ಕ್ರಿಪ್ಟೋ ಲಾಭದ ಮೇಲೆ ಶೇಕಡಾ 30 ತೆರಿಗೆಯೂ ಮಾರಾಟದ ಮೊತ್ತದ ಮೇಲೆ ಶೇಕಡಾ 1 ಟಿಡಿಎಸ್‌ ಕಡಿತವೂ 2022ರಿಂದ ನಡೆದುಬಂದಿವೆ. ಬೆಂಗಳೂರಿನ ತರುಣನೊಬ್ಬನು ಬಿಟ್‌ಕಾಯಿನ್ ಕೊಟ್ಟು ಟೆದರ್ ಪಡೆದರೆ, ಒಂದು ರೂಪಾಯಿಯೂ ಕೈಸೇರದಿದ್ದರೂ, ಆತನು ಅದರಲ್ಲಿ ಬಂದ ಲಾಭಕ್ಕೆ ತೆರಿಗೆ ತೆರಬೇಕು. ತೆರಿಗೆಗಾಗಿ ಪ್ರತಿಯೊಂದು ವಹಿವಾಟಿನ ಲೆಕ್ಕವನ್ನು ಕೇಳುವ ಸರ್ಕಾರವು, ಆ ನಾಣ್ಯದ ಹಿಂದೆ ಯಾವ ಬ್ಯಾಂಕಿನಲ್ಲಿ ಎಷ್ಟು ಠೇವಣಿ, ಎಷ್ಟು ಸಾಲಪತ್ರವಿದೆಯೆಂಬ ಪರಿಶೋಧಿತ ಲೆಕ್ಕವನ್ನು ಖರೀದಿಗೆ ಮೊದಲೇ ಗ್ರಾಹಕನ ಕಣ್ಣಿಗೆ ಬೀಳುವಂತೆ ಕನ್ನಡವೂ ಸೇರಿದಂತೆ ಆತನು ಓದಬಲ್ಲ ಭಾಷೆಯಲ್ಲಿ ಪ್ರಕಟಿಸಬೇಕೆಂದು ಇಲ್ಲಿನ ಎಕ್ಸ್‌ಚೇಂಜುಗಳಿಗೆ ಆಜ್ಞಾಪಿಸಬೇಕು.