ಹೊಂಗೆ ಎಣ್ಣೆ ಕಾರಿಗೋ, ಪಂಪ್‌ಸೆಟ್‌ಗೋ?

ಮಕ್ಕಳೇ, ಡೀಸೆಲ್ ಬದಲು ಸಸ್ಯದ ಎಣ್ಣೆ ಹಾಕಿದರೆ ಕಾರು ಓಡುತ್ತದೆಯೇ? ಓಡುತ್ತದೆ. 1900ರಲ್ಲಿ ಪ್ಯಾರಿಸ್ ನಗರದ ವಸ್ತುಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ನಡೆದಿತ್ತು. ಎಂಜಿನ್ ಎಷ್ಟು ಸರಾಗವಾಗಿ ನಡೆಯಿತೆಂದರೆ, ನೋಡಿದವರಲ್ಲಿ ಕೆಲವರಿಗಷ್ಟೇ ಈ ವಿಷಯ ಗೊತ್ತಾಯಿತು ಎಂದು ಆ ಬಗೆಯ ಎಂಜಿನ್ ರೂಪಿಸಿದ ರುಡಾಲ್ಫ್ ಡೀಸೆಲ್ ಮುಂದೆ ಬರೆದಿದ್ದಾರೆ.

ಡೀಸೆಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಸಲು ಕಿಡಿ ಬೇಕಿಲ್ಲ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರುತ್ತೀರಿ. ಇಲ್ಲಿಯೂ ಹಾಗೆಯೇ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಸುಮಾರು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮುತ್ತದೆ. ಗಾಳಿಯ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದರೊಳಗೆ ತುಂತುರಾಗಿ ಬಿದ್ದ ಎಣ್ಣೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ.

ತೊಡಕಿರುವುದು ಈ ತುಂತುರಿನಲ್ಲೇ. ಸಸ್ಯದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಹನಿಗಳು ದಪ್ಪವಾಗಿ, ಅರ್ಧ ಉರಿದು, ಒಳಗೆಲ್ಲ ಮಸಿ ಕಟ್ಟುತ್ತದೆ. ಅದಕ್ಕೆ ಎಣ್ಣೆಯನ್ನು ಬಿಸಿ ಮಾಡಿ ತೆಳುವಾಗಿಸಬೇಕು. ಇಲ್ಲವೇ ಮೆಥನಾಲ್ ಮತ್ತು ಕಾಸ್ಟಿಕ್ ಸೋಡಾ ಬೆರೆಸಿ, ಗ್ಲಿಸರಿನ್ ಬೇರ್ಪಡಿಸಿ, ಜೈವಿಕ ಡೀಸೆಲ್ ತಯಾರಿಸಬೇಕು. ಮೆಥನಾಲ್ ವಿಷ, ಇದು ಮನೆಯಲ್ಲಿ ಮಾಡುವ ಪ್ರಯೋಗವಲ್ಲ. ಇದನ್ನು ಓದಿ ಮಾವನ ಟ್ರ್ಯಾಕ್ಟರಿಗೆ ಅಡುಗೆ ಎಣ್ಣೆ ಸುರಿಯಲೂ ಹೋಗಬೇಡಿ!

ಅಡುಗೆ ಎಣ್ಣೆಯನ್ನು ಉರಿಸುವುದು ನನಗಂತೂ ಒಪ್ಪಿಗೆಯಿಲ್ಲ. ನಮ್ಮ ದೇಶ ತಿನ್ನುವ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಬರುತ್ತದೆ. ಬೋಂಡಾ ಕರಿದು ಕಪ್ಪಾದ ಎಣ್ಣೆಯಾದರೆ ಸರಿ. ಅದನ್ನು ಮತ್ತೆ ಮತ್ತೆ ಕಾಯಿಸಿ ತಿನ್ನುವುದಕ್ಕಿಂತ ಎಂಜಿನ್ನಿಗೆ ಕೊಡುವುದೇ ಲೇಸು.

ಹಾಗಾದರೆ ತಿನ್ನಲಾಗದ ಎಣ್ಣೆ? ನಮ್ಮ ಹೊಂಗೆ ಇದೆಯಲ್ಲ! ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ತಾನೇ ಬೆಳೆಯುತ್ತದೆ. ಬೇರಿನ ಗಂಟುಗಳಿಂದ ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಸೀಮೆಎಣ್ಣೆ ಬರುವ ಮೊದಲು ಹಳ್ಳಿಯ ದೀಪಗಳಲ್ಲಿ ಉರಿಯುತ್ತಿದ್ದುದರಲ್ಲಿ ಇದರ ಎಣ್ಣೆಯೂ ಒಂದು. ಎಣ್ಣೆ ತೆಗೆದು ಉಳಿದ ಹಿಂಡಿ ಒಳ್ಳೆಯ ಗೊಬ್ಬರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರ ತಂಡ 2000ದ ಆಸುಪಾಸಿನಲ್ಲಿ ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿತು. ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ಒಣಹೊಲಗಳಿಗೆ ಹಾಯಿಸಿದರು.

ಈಗ ಕಾರಿನ ಲೆಕ್ಕ ಮಾಡೋಣ. ಒಂದು ಡೀಸೆಲ್ ಕಾರು ವರ್ಷಕ್ಕೆ 12,000 ಕಿ.ಮೀ. ಓಡುತ್ತದೆ, ಲೀಟರಿಗೆ 15 ಕಿ.ಮೀ. ಕೊಡುತ್ತದೆ ಎಂದುಕೊಳ್ಳಿ. ಬೇಕಾದದ್ದು 800 ಲೀಟರ್. ಒಂದು ಲೀಟರ್ ಹೊಂಗೆ ಎಣ್ಣೆಗೆ ಸುಮಾರು 4 ಕಿಲೋ ಬೀಜ ಬೇಕು. ಅಲ್ಲಿಗೆ 3,200 ಕಿಲೋ. ಮರಕ್ಕೆ 20 ಕಿಲೋ ಬೀಜ ಸಿಕ್ಕಿತೆಂದರೂ 160 ಮರ ಬೇಕು. ಒಂದೇ ಕಾರಿಗೆ!

ಇಷ್ಟು ಮರ ಎಲ್ಲಿ ನೆಡುವುದು? ರಾಗಿ ಹೊಲದಲ್ಲೇ? ಜತ್ರೋಫಾ ಗಿಡದ ಕಥೆ ನೆನಪಿಡಿ. ಬಂಜರು ನೆಲದಲ್ಲೂ ಬೇಕಾದಷ್ಟು ಬೀಜ ಕೊಡುತ್ತದೆಂದು ನಂಬಿ 2003ರ ನಂತರ ದೇಶದ ಹಲವೆಡೆ ಅದನ್ನು ನೆಡಿಸಿದರು. ನೀರಿಲ್ಲದ ಕಡೆ ಇಳುವರಿ ಕೈಕೊಟ್ಟಿತು, ಎಷ್ಟೋ ರೈತರು ಕಿತ್ತುಹಾಕಿದರು. 2017ರ ಹೊತ್ತಿಗೆ ಡೀಸೆಲ್‌ನಲ್ಲಿ ಶೇ. 20ರಷ್ಟು ಜೈವಿಕ ಡೀಸೆಲ್ ಬೆರೆಸಬೇಕೆಂಬ 2009ರ ಗುರಿಯ ಹತ್ತಿರಕ್ಕೂ ನಾವು ಹೋಗಲಿಲ್ಲ.

ಆದ್ದರಿಂದ ಹೊಂಗೆ ಎಣ್ಣೆ ಅದು ಬೆಳೆದ ಊರಿನ ಪಂಪ್‌ಸೆಟ್ಟಿಗೇ ಮೊದಲು ಸಲ್ಲಬೇಕು ಎನ್ನುತ್ತೇನೆ. ಬೀಜ ಆರಿಸಿದವರಿಗೆ ಕೂಲಿ, ಹೊಲಕ್ಕೆ ನೀರು, ಮಣ್ಣಿಗೆ ಹಿಂಡಿ, ಎಲ್ಲವೂ ಅಲ್ಲೇ ಉಳಿಯುತ್ತವೆ. ಪಟ್ಟಣದ ಕಾರು ಬೇರೆ ದಾರಿ ನೋಡಿಕೊಳ್ಳಲಿ. ಅದರಲ್ಲಿ ಕೂರುವವರು ಹೆಚ್ಚಾಗಿ ಒಬ್ಬರೋ ಇಬ್ಬರೋ.

ನೀವು ಒಪ್ಪದೆಯೂ ಇರಬಹುದು. ಈ ವಾರ ನಿಮ್ಮ ಊರಿನ ಹೊಂಗೆ ಮರಗಳನ್ನು ಎಣಿಸಿ. ಒಂದು ಮರಕ್ಕೆ ಎಷ್ಟು ಬೀಜ ಸಿಗುತ್ತದೆಂದು ಹಿರಿಯರನ್ನು ಕೇಳಿ. ಒಟ್ಟು ಎಷ್ಟು ಲೀಟರ್ ಎಣ್ಣೆಯಾಯಿತು? ಅದು ಎಷ್ಟು ಕಾರಿಗೆ ಸಾಕು?